ಎಣಿಕೆ ಸರಿಯಾಗಿದೆ

“ಮಾನ್ಯ ಸದಸ್ಯರು ಕುಳಿತುಕೊಳ್ಳಬೇಕು.”

“ನನ್ನ ಮಾತು ಇನ್ನೂ ಮುಗಿದಿಲ್ಲ.”

“ನಿಮ್ಮ ಸಮಯ ಮುಗಿದಿದೆ. ಕುಳಿತುಕೊಳ್ಳಿ.”

“ಕುಳಿತುಕೊಳ್ಳಲ್ಲ.”

“ಹಾಗಾದರೆ ಸದನದಿಂದ ಹೊರಗೆ ನಡೀರಿ.”

ಇಡೀ ಸಭಾಂಗಣ ಅವಳತ್ತ ತಿರುಗಿತು. ಅವಳ ಕಿವಿ ಕೆಂಪಗಾಯಿತು. ವೇದಿಕೆಯ ಮೇಲೆ, ಎರವಲು ತಂದ ಕರಿಕೋಟು ತೊಟ್ಟು ಕೂತಿದ್ದವನ ಮುಖವನ್ನೇ ದಿಟ್ಟಿಸಿದಳು. ಅವನ ಕಣ್ಣು ಒಂದಿಷ್ಟೂ ಅಲುಗಲಿಲ್ಲ. ಕಾಗದಗಳನ್ನು ಬಾಚಿಕೊಂಡು, ಚಪ್ಪಲಿ ಸದ್ದು ಮಾಡುತ್ತಾ ಹೊರಗೆ ನಡೆದುಬಿಟ್ಟಳು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು.

ಅದು ನಿಜವಾದ ಸಂಸತ್ತೇನಲ್ಲ. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಹೊಸದಾಗಿ ಸೇರಿದವರಿಗೆಂದು ಮೊದಲ ವಾರ ನಡೆಸುವ ಅಣಕು ಸಂಸತ್ತು. ಅವಳು ವಿರೋಧ ಪಕ್ಷದ ನಾಯಕಿ. ಅವನು ಸಭಾಪತಿ. ಅಲ್ಲಿಯವರೆಗೆ ಇಬ್ಬರೂ ಒಂದು ಮಾತೂ ಆಡಿದವರಲ್ಲ.

ಆದರೆ ಅವತ್ತಿನಿಂದ ಕಾಲೇಜಿಗೆಲ್ಲ ಅವಳು ‘ವಿರೋಧ ಪಕ್ಷ’, ಅವನು ‘ಸಭಾಪತಿ’. ಅವರ ನಿಜವಾದ ಹೆಸರು ನೆನಪಿದ್ದದ್ದು ಹಾಜರಾತಿ ಪುಸ್ತಕಕ್ಕೆ ಮಾತ್ರ.

‘ಇವನ ಸಹವಾಸವೇ ಬೇಡ’ ಅಂದುಕೊಂಡಳು.

ಅಂದುಕೊಂಡರೆ ಆಯಿತೇ... ಇಡೀ ತಂಡದಲ್ಲಿ ರಾಜ್ಯಶಾಸ್ತ್ರ ಬೋಧಿಸಲು ಆರಿಸಿಕೊಂಡವರು ಇಬ್ಬರೇ. ಒಬ್ಬಳು ಅವಳು. ಇನ್ನೊಬ್ಬ ಅವನು.

ಎರಡನೇ ವರ್ಷ ಬೋಧನಾಭ್ಯಾಸಕ್ಕೆ ಇಬ್ಬರನ್ನೂ ಒಂದೇ ಪ್ರೌಢಶಾಲೆಗೆ ಹಾಕಿದರು. ಹದಿನಾರು ವಾರ. ಒಬ್ಬೊಬ್ಬರದು ನಲವತ್ತು ಪಾಠ. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ಅದರ ಬಗ್ಗೆ ಬರೆಯಬೇಕು. ಕೊನೆಗೆ ಶಾಲೆಯ ಹೆಡ್‌ಮಾಸ್ಟರ್ ಎಲ್ಲ ಕಡತಕ್ಕೂ ಸಹಿ ಹಾಕಿ ಪ್ರಮಾಣಪತ್ರ ಕೊಡಬೇಕು. ಅದಿಲ್ಲದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ.

ಅವಳ ಮೊದಲ ಪಾಠದ ಬಗ್ಗೆ ಅವನು ಬರೆದದ್ದು ಮೂರೇ ಸಾಲು.

‘ಬೋರ್ಡಿಗೆ ಮುಖ ಮಾಡಿ ಮಾತಾಡುತ್ತೀರಿ, ಹಿಂದಿನವರಿಗೆ ಕೇಳಿಸುವುದಿಲ್ಲ. ಕಿಟಕಿ ಪಕ್ಕದ ಪುಟ್ಟ ಹುಡುಗಿ ಐದು ಸಲ ಕೈ ಎತ್ತಿದಳು. ನೀವು ಒಮ್ಮೆಯೂ ನೋಡಲಿಲ್ಲ.’

ಓದಿ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಮರುದಿನ ತನಗೇ ತಿಳಿಯದಂತೆ ಕಿಟಕಿಯ ಕಡೆ ನೋಡಿದಳು. ಅಲ್ಲಿ ಒಂದು ಕೈ ಮೇಲೆದ್ದಿತ್ತು.

ಆ ಹುಡುಗಿಗೆ ತರಗತಿಯವರು ‘ಇರುವೆ’ ಅನ್ನುತ್ತಿದ್ದರು. ಆಕಾರವೂ ಅಷ್ಟೇ, ಸುಮ್ಮನೆ ಕೂರದ ಸ್ವಭಾವವೂ ಅಷ್ಟೇ. ಎದ್ದು ನಿಂತು, ಅಕ್ಷರಕ್ಕೆ ಅಕ್ಷರ ತಡವರಿಸಿ ಕೇಳಿದಳು:

“ಮಿಸ್... ಸ-ಸರ್ಕಾರನೇ ತಪ್ಪು ಮಾಡಿದ್ರೆ... ಅ-ಅದನ್ನ ಯಾರು ತಿದ್ದೋದು?”

ಮೇಜಿನ ಹಿಂದಿನಿಂದ ಅವಳು ಈಚೆ ಬಂದಳು. ಏಳು ವರ್ಷ ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿದ್ದು ಇಂಥದೊಂದು ಪ್ರಶ್ನೆ ಕೇಳಿಸಿಕೊಳ್ಳಲಿಕ್ಕೇ ಇರಬೇಕು ಅನ್ನಿಸಿತು. ಹಿಂದಿನ ಬೆಂಚಿನಲ್ಲಿ ಸಭಾಪತಿ ಏನೋ ಬರೆದುಕೊಳ್ಳುತ್ತಿದ್ದ. ಮೊದಲ ಸಲ ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಹಾಗೇ ದಿನಗಳು ಸರಿದವು. ಸ್ಟಾಫ್ ರೂಮಿನ ಮೂಲೆಯಲ್ಲಿ, ನಕ್ಷೆಗಳ ಬೀರುವಿನ ಪಕ್ಕ ಇಬ್ಬರಿಗೂ ಸೇರಿ ಒಂದೇ ಮೇಜು. ಚಾರ್ಟ್ ಬರೆಯುವಾಗ ಅವನು ಗೆರೆ ಎಳೆದರೆ ಅವಳು ಬಣ್ಣ ತುಂಬುತ್ತಿದ್ದಳು. ಅವನು ಬೆಳಗ್ಗೆ ಮುದ್ರಣಾಲಯದಲ್ಲಿ ಕರಡು ತಿದ್ದಿ ಬರುತ್ತಾನೆ, ತಾಯಿ ಬಟ್ಟೆ ಹೊಲಿಯುತ್ತಾರೆ ಅನ್ನುವುದು ಗೊತ್ತಾಯಿತು. ಈ ವರ್ಷ ತೇರ್ಗಡೆಯಾಗದಿದ್ದರೆ ಅವಳಿಗೆ ಶಿಕ್ಷಕರ ನೇಮಕಾತಿಯ ವಯಸ್ಸು ಮೀರಿಹೋಗುತ್ತದೆ ಅನ್ನುವುದು ಅವನಿಗೆ ಗೊತ್ತಾಯಿತು.

ಒಂದು ಮಧ್ಯಾಹ್ನ ಅವಳು ಕೇಳಿಯೇಬಿಟ್ಟಳು.

“ಅವತ್ತು ನನ್ನ ಯಾಕೆ ಹೊರಗೆ ಹಾಕಿದ್ರಿ?”

ಅವನು ಸ್ಕೇಲಿನಿಂದ ತಲೆ ಎತ್ತದೆ ಹೇಳಿದ. “ನೀವು ಆ ಸಚಿವನಿಗೆ ಬೈತಾ ಇದ್ದ ರೀತಿ ನೋಡಿ ನಗು ಉಕ್ಕಿ ಬರ್ತಿತ್ತು. ಇನ್ನೊಂದು ನಿಮಿಷ ಬಿಟ್ಟಿದ್ರೆ ಪೀಠದ ಮೇಲೆ ಬಿದ್ದು ನಗ್ತಿದ್ದೆ.”

“ಅಂದ್ರೆ ನಿಮ್ಮ ಮರ್ಯಾದೆ ಉಳಿಸಿಕೊಳ್ಳೋಕೆ ನನ್ನದು ತೆಗೆದ್ರಾ?”

“ಹೌದು. ತಪ್ಪಾಯ್ತು.”

ಇಷ್ಟು ನೇರವಾಗಿ ಯಾರೂ ಅವಳ ಹತ್ತಿರ ತಪ್ಪೊಪ್ಪಿಕೊಂಡಿರಲಿಲ್ಲ. ಬಣ್ಣದ ಪೆನ್ಸಿಲಿನ ಮೊನೆ ಮಾಡುತ್ತಾ ಕೂತಳು. ಪೆನ್ಸಿಲ್ ಅರ್ಧವಾಯಿತು.

ಮೂವತ್ತೊಂದನೆಯ ಪಾಠ ಚುನಾವಣೆ.

ಪುಸ್ತಕ ಓದಿಸಿ ಮುಗಿಸಲು ಅವಳಿಗೆ ಮನಸ್ಸಾಗಲಿಲ್ಲ. ಒಂಬತ್ತನೇ ಬಿ ತರಗತಿಗೆ ಹೇಗೂ ಕ್ಲಾಸ್ ಲೀಡರ್ ಬೇಕಿತ್ತು. ಇಬ್ಬರ ಪಾಠವನ್ನೂ ನೋಡಿಕೊಳ್ಳುತ್ತಿದ್ದ ಮಾರ್ಗದರ್ಶಕಿ ಟೀಚರ್ ಒಪ್ಪಿದರು. ಸೀಮೆಸುಣ್ಣದ ಪೆಟ್ಟಿಗೆಗೆ ಸೀಳು ಕೊರೆದು ಮತಪೆಟ್ಟಿಗೆಯಾಯಿತು. ನಕ್ಷೆಯ ಸ್ಟ್ಯಾಂಡಿನ ಹಿಂದೆ ಮೇಜಿಟ್ಟು ಮತಗಟ್ಟೆಯಾಯಿತು. ಸಭಾಪತಿ ಎಣಿಕೆ ಅಧಿಕಾರಿ.

“ನೀವು ಯಾರಿಗೆ ಹಾಕಿದ್ರಿ ಅಂತ ಯಾರೂ ನೋಡೋ ಹಾಗಿಲ್ಲ. ಹಾಕಿದ ಮೇಲೆ ಯಾರೂ ಬದಲಾಯಿಸೋ ಹಾಗಿಲ್ಲ. ನಾನೂ ಇಲ್ಲ, ಹೆಡ್‌ಮಾಸ್ಟರೂ ಇಲ್ಲ” ಅಂದಳು ಅವಳು.

ನಲವತ್ತೆರಡು ಚೀಟಿ. ಒಂದು ಕಡೆ ಶಾಲಾ ಸಮಿತಿಯ ಅಧ್ಯಕ್ಷರ ಮೊಮ್ಮಗಳು. ಚೂಟಿ, ಮಾತಿನಲ್ಲಿ ಚುರುಕು. ಇನ್ನೊಂದು ಕಡೆ ಗೆಳತಿಯರು ಬಲವಂತವಾಗಿ ನಿಲ್ಲಿಸಿದ್ದ ಇರುವೆ.

ಇರುವೆಗೆ ಇಪ್ಪತ್ತಮೂರು. ಮೊಮ್ಮಗಳಿಗೆ ಹತ್ತೊಂಬತ್ತು.

ತರಗತಿ ಕುಣಿದುಬಿಟ್ಟಿತು. ಇರುವೆ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಅತ್ತಳು. ಕೊನೆಯ ಚೀಟಿ ಓದಿದ ಸಭಾಪತಿ, ಬೋರ್ಡಿನ ಬಳಿ ನಿಂತಿದ್ದ ಅವಳತ್ತ ನೋಡಿ ನಕ್ಕ. ಆ ನಗುವಿಗೆ ಅವಳ ಎದೆಯೊಳಗೆ ಏನೋ ಸಡಿಲವಾದಂತಾಯಿತು... ‘ಇದೇನಿದು ನನಗೆ’ ಅಂತ ಗಾಬರಿಯಾಗಿ ಬೋರ್ಡ್ ಒರೆಸತೊಡಗಿದಳು.

ಮರುದಿನ ಹೆಡ್‌ಮಾಸ್ಟರ್ ಸಭಾಪತಿಯನ್ನು ಕರೆಸಿದರು. ಅವನೊಬ್ಬನನ್ನೇ.

ಅವಳು ಕಾರಿಡಾರಿನಲ್ಲಿ ಬರುವಾಗ ಕಚೇರಿಯ ಕಿಟಕಿ ತೆರೆದಿತ್ತು. ಒಳಗೆ ಮೇಜಿನ ಮೇಲೆ ಮತಪೆಟ್ಟಿಗೆ. ಹೆಡ್‌ಮಾಸ್ಟರ್ ಒಂದು ಹಾಳೆ ಮುಂದಕ್ಕೆ ತಳ್ಳಿದರು. ಸಭಾಪತಿ ಬಗ್ಗಿ ಏನೋ ಬರೆದ, ಸಹಿ ಹಾಕಿದ, ಪೆನ್ನಿನ ಮುಚ್ಚಳ ಹಾಕಿ ಹೊರಬಂದ.

“ಏನಾಯ್ತು?” ಅಂದಳು.

“ಏನಿಲ್ಲ.”

“ಪೆಟ್ಟಿಗೆ ಯಾಕೆ ಅವರ ಹತ್ತಿರ ಇದೆ? ಏನು ಬರೆದುಕೊಟ್ರಿ?”

ಅವನು ಒಂದು ಕ್ಷಣ ಅವಳ ಮುಖ ನೋಡಿದ. “ಅದು ಈಗ ಬೇಡ. ನೀವು ನಿಮ್ಮ ಒಂಬತ್ತು ಪಾಠ ಮುಗಿಸಿ.”

ಮಧ್ಯಾಹ್ನ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಬಂತು. ‘ಎಣಿಕೆಯಲ್ಲಿ ಗೊಂದಲ ಕಂಡುಬಂದಿರುವುದರಿಂದ ಒಂಬತ್ತನೇ ಬಿ ತರಗತಿಯ ಚುನಾವಣೆ ರದ್ದಾಗಿದೆ.’ ಅದರ ಕೆಳಗೆ ಹೊಸ ಕ್ಲಾಸ್ ಲೀಡರ್ ಆಗಿ ಅಧ್ಯಕ್ಷರ ಮೊಮ್ಮಗಳ ಹೆಸರು.

ಎಣಿಕೆಯಲ್ಲಿ ಗೊಂದಲ.

ಎಣಿಸಿದವನು ಒಬ್ಬನೇ. ಬರೆದುಕೊಟ್ಟವನೂ ಒಬ್ಬನೇ. ಇನ್ನೇನು ತಿಳಿಯಬೇಕಿತ್ತು ಅವಳಿಗೆ?

ತರಗತಿಗೆ ಹೋದರೆ ಇರುವೆ ತಲೆ ಎತ್ತಲಿಲ್ಲ. ಕಿಟಕಿ ಪಕ್ಕ ಕೈ ಮೇಲೇಳಲಿಲ್ಲ. ಹೆಡ್‌ಮಾಸ್ಟರ ಹತ್ತಿರ ಹೋಗಿ ಕೇಳಿಬಿಡಲೇ ಅಂತ ಎರಡು ಸಲ ಕಚೇರಿಯ ಬಾಗಿಲವರೆಗೆ ಹೋದಳು. ಸಹಿ ಆಗದ ಕಡತ, ಮೀರುವ ವಯಸ್ಸು ಕಣ್ಮುಂದೆ ಬಂದು ಎರಡು ಸಲವೂ ಹಿಂದಿರುಗಿದಳು. ಆ ನಾಚಿಕೆಯನ್ನೂ ಸೇರಿಸಿ ಎಲ್ಲ ಸಿಟ್ಟನ್ನೂ ಅವನ ಮೇಲೆ ಹೊರಿಸಿದಳು.

ಮೇಜು ಒಂದೇ. ಆದರೆ ಮಾತಿಲ್ಲ. ಅವನು “ಕೆಂಪು ಪೆನ್ಸಿಲ್ ಕೊಡ್ತೀರಾ?” ಅಂದರೆ ಕೊಡದೆ ಮೇಜಿನ ಮೇಲೆ ಕುಕ್ಕುತ್ತಿದ್ದಳು. ಒಮ್ಮೆ ಅವನು, “ನನ್ನ ಮೇಲೆ ಸ್ವಲ್ಪ ನಂಬಿಕೆ ಇಡಿ” ಅಂದ.

“ಇಟ್ಟಿದ್ದೆ” ಅಂದಳು.

ಹದಿನಾರು ವಾರ ಮುಗಿಯಿತು. ಅವಳ ಕೈಗೆ ಸಹಿ ಬಿದ್ದ ಪ್ರಮಾಣಪತ್ರ ಬಂತು. ಖುಷಿಯಾಗಲಿಲ್ಲ.

ಹತ್ತು ದಿನದ ನಂತರ ಕಾಲೇಜಿನ ಬೋರ್ಡಿನಲ್ಲಿ ಒಂದು ಪಟ್ಟಿ ಹಾಕಿದರು. ಪ್ರಮಾಣಪತ್ರ ತಲುಪದವರು ನಾಳೆ ಸಂಜೆ ಐದರೊಳಗೆ ಕೊಡದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಪಟ್ಟಿಯಲ್ಲಿ ಇದ್ದದ್ದು ಒಂದೇ ನೋಂದಣಿ ಸಂಖ್ಯೆ.

ಸಭಾಪತಿಯದು.

ಅವಳು ಎರಡು ಸಲ ಓದಿದಳು. ಹೆಡ್‌ಮಾಸ್ಟರು ಹೇಳಿದ್ದನ್ನು ಬರೆದುಕೊಟ್ಟವನಿಗೆ ಯಾಕೆ ಸಹಿ ಆಗಿಲ್ಲ? ಬರೆದುಕೊಡದ ತನಗೆ ಹೇಗೆ ಆಯಿತು?

ನೇರ ಶಾಲೆಗೆ ಓಡಿದಳು. ಸ್ಟಾಫ್ ರೂಮಿನಲ್ಲಿ ಮಾರ್ಗದರ್ಶಕಿ ಟೀಚರ್ ಒಬ್ಬರೇ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದರು. ಇನ್ನೊಂದು ವರ್ಷಕ್ಕೆ ನಿವೃತ್ತಿಯಾಗುವವರು. ಅವಳ ಪ್ರಶ್ನೆ ಕೇಳಿ ಕೆಂಪು ಪೆನ್ನು ಕೆಳಗಿಟ್ಟರು.

“ನಿನಗೆ ಹೇಳಿಲ್ವಾ ಅವನು? ಕೂತ್ಕೋ.”

ಅವಳು ಕೂರಲಿಲ್ಲ.

“ಎಣಿಕೆ ತಪ್ಪಾಗಿದೆ ಅಂತ ಬರೆದುಕೊಡು ಅಂದ್ರು. ಅವನು ಬರೆದದ್ದು ಏನು ಗೊತ್ತಾ? ‘ಎಣಿಕೆ ಸರಿಯಾಗಿದೆ. ಎಣಿಸಿದವನು ನಾನೊಬ್ಬನೇ. ಈ ವಿಷಯದಲ್ಲಿ ನನ್ನ ಸಹಪಾಠಿಯನ್ನು ಏನೂ ಕೇಳಬಾರದಾಗಿ ವಿನಂತಿ.’ ನಾನು ಅಲ್ಲೇ ಬೀರುವಿನ ಹತ್ತಿರ ಇದ್ದೆ ಕಣಮ್ಮ. ಆ ಹಾಳೆ ಇನ್ನೂ ಅವನ ಕಡತದಲ್ಲಿದೆ. ಅದನ್ನ ಹರಿದು ಬೇರೆ ಬರೆಯೋವರೆಗೂ ಸಹಿ ಇಲ್ಲ ಅಂದಿದ್ದಾರೆ.”

“ನೀವು... ಏನೂ ಹೇಳಲಿಲ್ವಾ ಟೀಚರ್?”

ಅವರು ಕಿಟಕಿಯ ಕಡೆ ನೋಡಿದರು. “ಇಲ್ಲ. ಹೇಳಬೇಕಿತ್ತು.”

ಕಾಲೇಜಿನ ವಾಚನಾಲಯ ಮುಚ್ಚಲು ಅರ್ಧ ಗಂಟೆ ಇತ್ತು. ಅವನು ಕೊನೆಯ ಮೇಜಿನಲ್ಲಿ ಓದುತ್ತಾ ಕೂತಿದ್ದ. ಪರೀಕ್ಷೆಗೆ ಕೂರಲಾಗುತ್ತದೋ ಇಲ್ಲವೋ ಗೊತ್ತಿಲ್ಲದೆಯೂ ಓದುತ್ತಿದ್ದ. ಅದನ್ನು ನೋಡಿ ಅವಳಿಗೆ ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

“ಯಾಕೆ ಹೇಳಲಿಲ್ಲ ನನಗೆ?”

ಅವನಿಗೆ ಅರ್ಥವಾಯಿತು. ಪುಸ್ತಕ ಮುಚ್ಚಿದ.

“ಹೇಳಿದ್ರೆ ನೀವು ಆ ಕ್ಷಣವೇ ಅವರ ಕಚೇರಿಗೆ ನುಗ್ತಿದ್ರಿ. ನನಗೆ ಮುಂದಿನ ವರ್ಷ ಇದೆ, ಅದರಾಚೆ ವರ್ಷ ಇದೆ. ನಿಮಗೆ ಇದೊಂದೇ.”

“ಆ ಲೆಕ್ಕ ಹಾಕಬೇಕಾದವಳು ನಾನು.”

“ನಿಮ್ಮ ಒಳ್ಳೆಯದಕ್ಕೇ...”

“ನನ್ನ ಒಳ್ಳೆಯದು ಕೆಟ್ಟದ್ದು ತೀರ್ಮಾನ ಮಾಡೋಕೆ ನಿಮ್ಮನ್ನ ಯಾರು ಆರಿಸಿದ್ರು?” ಅವಳು ಅವನ ಪುಸ್ತಕವನ್ನು ಪಕ್ಕಕ್ಕೆ ತಳ್ಳಿದಳು. “ಆ ಮಕ್ಕಳ ಚೀಟಿ ಅವರು ಕಿತ್ಕೊಂಡ್ರು. ನನ್ನ ಚೀಟಿ ನೀವು ಕಿತ್ಕೊಂಡ್ರಿ. ಐದು ವಾರ... ಐದು ವಾರ ನಿಮ್ಮನ್ನ ಮನಸ್ಸಿನಲ್ಲಿ ಬೈದಿದ್ದೀನಿ. ಹೇಡಿ ಅಂದಿದ್ದೀನಿ. ನನ್ನಿಂದ ಅದನ್ನೆಲ್ಲ ಯಾಕೆ ಮಾಡಿಸಿದ್ರಿ?”

ವಾಚನಾಲಯದವರು ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬರುತ್ತಿದ್ದರು.

“ನೀವು ಹೇಳೋದು ಸರಿ” ಅಂದ ಕೊನೆಗೆ. “ನಾನು ಅದನ್ನ ಯೋಚನೆ ಮಾಡಲಿಲ್ಲ. ನಿಮಗೆ ಏನೂ ಆಗಬಾರದು ಅನ್ನೋದೊಂದೇ ತಲೆಯಲ್ಲಿತ್ತು.”

ಅವಳು ಕಣ್ಣೊರೆಸಿಕೊಂಡಳು. “ನಾಳೆ ಬೆಳಗ್ಗೆ ನಾನು ಶಾಲೆಗೆ ಹೋಗ್ತೀನಿ. ನನ್ನ ಪ್ರಮಾಣಪತ್ರ ತಗೊಂಡೇ ಹೋಗ್ತೀನಿ. ಏನಾಗುತ್ತೋ ಗೊತ್ತಿಲ್ಲ. ಬೇಡ ಅನ್ನಬೇಡಿ, ಕೇಳಲ್ಲ. ಮಾಡೋ ಮುಂಚೆ ನಿಮಗೆ ಹೇಳ್ತಾ ಇದ್ದೀನಿ, ಅಷ್ಟೆ.”

“ನಾನೂ ಬರ್ಲಾ?”

“ಅದು ನಿಮ್ಮಿಷ್ಟ.”

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದಳು. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ. ಅವಳ ಪಾಠಗಳಿಗೆಂದು ದಿನಾ ಪೇಪರಿನ ಸುದ್ದಿ ಕತ್ತರಿಸಿ ಅಂಟಿಸಿ ಇಡುತ್ತಿದ್ದರು. ಕತ್ತರಿ ಪಕ್ಕಕ್ಕಿಟ್ಟು ಕೇಳಿಸಿಕೊಂಡರು.

“ನಾಳೆ ಎಲ್ಲಾ ಹೋದ್ರೆ, ಪುಟ್ಟಿ?”

“ಹೋದ್ರೆ ಮತ್ತೆ ಕನ್ನಡಕದ ಅಂಗಡಿ ಅಪ್ಪಾ.”

“ಹೂಂ” ಅಂದರು. ಸ್ವಲ್ಪ ತಡೆದು, “ಹೋಗು. ಆ ಮಕ್ಕಳ ಮುಂದೆ ತಲೆ ಎತ್ತಿ ನಿಲ್ಲೋಕೆ ಆಗದಿದ್ರೆ ಮೇಷ್ಟ್ರಾಗಿ ಏನು ಮಾಡ್ತೀಯ?” ಅಂದರು. ಆಮೇಲೆ ಕತ್ತರಿ ಎತ್ತಿಕೊಂಡು, “ಆ ಹುಡುಗನ್ನ ನಾನೊಂದ್ಸಲ ನೋಡಬೇಕಲ್ಲ” ಅಂದರು.

ಅವಳು ಅಡುಗೆಮನೆಗೆ ಎದ್ದು ಹೋದಳು.

ಬೆಳಗ್ಗೆ ಗೇಟಿನ ಹತ್ತಿರ ಅವನು ನಿಂತಿದ್ದ. ಇಬ್ಬರೂ ಒಟ್ಟಿಗೆ ಒಳಗೆ ನಡೆದರು.

ಹೆಡ್‌ಮಾಸ್ಟರ್ ಗಡಿಯಾರ ನೋಡಿದರು. “ಏನಮ್ಮಾ, ನಿಮ್ಮ ಕೆಲಸ ಮುಗಿದಿದೆಯಲ್ಲ?”

ಅವಳು ತನ್ನ ಪ್ರಮಾಣಪತ್ರ, ಕಡತ ಎರಡನ್ನೂ ಮೇಜಿನ ಮೇಲಿಟ್ಟು ಮೂವತ್ತೊಂದನೆಯ ಪಾಠದ ಪುಟ ತೆರೆದಳು. ಪುಟದ ಮೇಲೆ ಅಂಗೈ ಊರಿ ನಿಂತಳು.

“ಸರ್, ಈ ಪಾಠಕ್ಕೆ ‘ಉತ್ತಮ’ ಅಂತ ಬರೆದು ನೀವು ಸಹಿ ಹಾಕಿದ್ದೀರಿ. ಎಣಿಕೆ ತಪ್ಪಾಗಿದ್ರೆ ಈ ಪಾಠವೂ ತಪ್ಪು. ಈ ಸಹಿ ಹೊಡೆದುಹಾಕಿ. ಎಣಿಕೆ ಸರಿ ಇದ್ರೆ ಅವರ ಕಡತಕ್ಕೂ ಸಹಿ ಹಾಕಿ.”

“ಇದೇನು ಹೆದರಿಸ್ತಾ ಇದ್ದೀರಾ?”

“ಇಲ್ಲ ಸರ್. ನನಗೇ ಹೆದರಿಕೆ ಆಗ್ತಿದೆ.”

ಹೆಡ್‌ಮಾಸ್ಟರ್ ಕನ್ನಡಕ ತೆಗೆದರು. ದನಿ ಸ್ವಲ್ಪ ಇಳಿಯಿತು. “ನೋಡಿ, ಅತಿಥಿಗಳು ಬಂದಾಗ ಸ್ವಾಗತ ಹೇಳೋದು ಲೀಡರ್. ಆ ಮಗುಗೆ ಎರಡು ಮಾತು ಸರಿಯಾಗಿ ಬರಲ್ಲ. ಅಧ್ಯಕ್ಷರಿಗೆ ನಾನು ಮೊದಲೇ ಮಾತು ಕೊಟ್ಟಿದ್ದೆ. ನಾಳೆ ಅವರಿಗೆ ಯಾರು ಉತ್ತರ ಹೇಳ್ತಾರೆ, ನೀವಾ? ನಿಮ್ಮ ಪ್ರಮಾಣಪತ್ರ ನಾನು ವಾಪಸ್ ಇಟ್ಕೊಂಡ್ರೆ ಏನಾಗುತ್ತೆ ಗೊತ್ತಲ್ಲ?”

“ಗೊತ್ತು.”

“ಆದರೂ?”

“ಆದರೂ, ಸರ್.”

ಹೆಡ್‌ಮಾಸ್ಟರರ ಕೈ ಪ್ರಮಾಣಪತ್ರದ ಮೇಲೆ ಬಂತು. ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. ಪಕ್ಕದಲ್ಲಿ ಸಭಾಪತಿ ಉಸಿರು ಬಿಗಿಹಿಡಿದದ್ದು ಅವಳಿಗೆ ಕೇಳಿಸಿತು. ಅವನು ಬಾಯಿ ತೆರೆಯಲಿಲ್ಲ. ತಡೆಯಲಿಲ್ಲ. ಅವಳ ಪಕ್ಕ ನಿಂತಿದ್ದ, ಅಷ್ಟೆ.

“ಒಳಗೆ ಬರ್ಲಾ ಸರ್?”

ಬಾಗಿಲಲ್ಲಿ ಅಧ್ಯಕ್ಷರ ಮೊಮ್ಮಗಳು. ದಿನಾ ಬೆಳಗ್ಗೆ ತರಗತಿಯ ಹಾಜರಾತಿ ಪುಸ್ತಕ ತಂದಿಡುವುದು ಲೀಡರಿನ ಕೆಲಸ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಅವಳ ಮುಖ ಬಿಳಿಚಿಕೊಂಡಿತ್ತು. ಅವಳ ಹಿಂದೆ ಮಾರ್ಗದರ್ಶಕಿ ಟೀಚರ್.

ಹುಡುಗಿ ಪುಸ್ತಕವನ್ನು ಮೇಜಿನ ಮೇಲಿಡಲಿಲ್ಲ. “ಸರ್, ಇದನ್ನ ತರಬೇಕಾದವಳು ನಾನಲ್ಲ. ನಾನು ಸೋತಿದ್ದೀನಿ.”

“ನೀನು ಕ್ಲಾಸಿಗೆ ಹೋಗಮ್ಮ.”

“ನಾನೂ ಅವಳಿಗೇ ಹಾಕಿದ್ದು ಸರ್.” ಹುಡುಗಿಯ ಕಣ್ಣು ತುಂಬಿತು. “ನನಗೆ ಹುಷಾರಿಲ್ಲದೆ ಎರಡು ವಾರ ಬರದೇ ಇದ್ದಾಗ ಪೂರ್ತಿ ನೋಟ್ಸ್ ಅವಳೇ ಬರೆದಿಟ್ಟಿದ್ಲು. ಯಾರು ಬರದಿದ್ರೂ ಬರೆದಿಡ್ತಾಳೆ. ಈಗ ನನ್ನ ಜೊತೆ ಯಾರೂ ಮಾತಾಡಲ್ಲ ಸರ್, ನಾನು ಕದ್ದೆ ಅಂತಾರೆ. ತಾತನಿಗೆ ನಾನೇ ಹೇಳ್ತೀನಿ.”

ಮಾರ್ಗದರ್ಶಕಿ ಟೀಚರ್ ಮುಂದೆ ಬಂದರು. “ಎಣಿಕೆ ಆಗುವಾಗ ನಾನೂ ಅಲ್ಲಿದ್ದೆ ಸರ್. ಸರಿಯಾಗಿತ್ತು. ಬೇಕಿದ್ರೆ ಬರೆದುಕೊಡ್ತೀನಿ. ಅವತ್ತೇ ಕೊಡಬೇಕಿತ್ತು.”

ಹೆಡ್‌ಮಾಸ್ಟರ್ ಹುಡುಗಿಯನ್ನು ನೋಡಿದರು, ಟೀಚರನ್ನು ನೋಡಿದರು. ಕನ್ನಡಕ ಹಾಕಿಕೊಂಡರು. ಆಮೇಲೆ ಬೀರುವಿನಿಂದ ಸಭಾಪತಿಯ ಕಡತ ತೆಗೆದು, ಒಂದೊಂದೇ ಪುಟ ತಿರುವಿ ಸಹಿ ಹಾಕತೊಡಗಿದರು. ನಲವತ್ತು ಸಹಿ.

ಕೊನೆಗೆ ಅವಳ ಪ್ರಮಾಣಪತ್ರವನ್ನೂ ಅದರ ಮೇಲಿಟ್ಟು ತಳ್ಳಿದರು. “ನೀವು ಎಲ್ಲಿಗೆ ಕೆಲಸಕ್ಕೆ ಹೋಗ್ತೀರೋ, ಆ ಹೆಡ್‌ಮಾಸ್ಟರನ್ನ ದೇವರೇ ಕಾಪಾಡಬೇಕು” ಅಂದರು. “ನೋಟಿಸ್ ತೆಗೆಸ್ತೀನಿ. ಹೋಗಿ.”

ಕಾಲೇಜಿನ ಗುಮಾಸ್ತರು ಮೊಹರು ಒತ್ತುವಾಗ ಹನ್ನೊಂದೂವರೆ. ಪಟ್ಟಿಯಲ್ಲಿದ್ದ ಒಂದೇ ಸಂಖ್ಯೆಯ ಮೇಲೆ ಅವರು ಅಡ್ಡಗೆರೆ ಎಳೆದದ್ದನ್ನು ನೋಡಿದ ಮೇಲೇ ಅವಳು ಅಲ್ಲಿಂದ ಕದಲಿದ್ದು. ಕಾರಿಡಾರಿನ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟಳು. ಅವನು ಒಂದು ಲೋಟ ನೀರು ತಂದುಕೊಟ್ಟು, ಸ್ವಲ್ಪ ದೂರದಲ್ಲಿ ಕೂತ.

“ಅಲ್ಲಿ ಯಾಕೆ ಸುಮ್ಮನಿದ್ರಿ? ಅವರು ನನ್ನ ಕಾಗದ ಎಳ್ಕೊಂಡಾಗ?” ಅಂದಳು.

“ಅದು ನಿಮ್ಮ ತೀರ್ಮಾನ ಅಂತ ನೀವೇ ಹೇಳಿದ್ರಲ್ಲ.” ಅವನು ಕೈಗಳನ್ನು ಹೊಸೆದುಕೊಂಡ. “ಜೀವ ಬಾಯಿಗೆ ಬಂದಿತ್ತು. ಆದ್ರೂ ಸುಮ್ಮನಿದ್ದೆ.”

ಅವಳು ನೀರು ಕುಡಿದಳು. ಲೋಟ ಖಾಲಿಯಾದರೂ ಕೆಳಗಿಡಲಿಲ್ಲ.

“ಇನ್ನೊಂದು ವಿಷಯಾನೂ ಮುಚ್ಚಿಟ್ಟಿದ್ದೀನಿ” ಅಂದ ಅವನು. “ಅದನ್ನೂ ಹೇಳಿಬಿಡ್ತೀನಿ. ನಾನು ನಿಮ್ಮನ್ನ ಪ್ರೀತಿಸ್ತೀನಿ. ನೀವು ಏನೂ ಹೇಳಬೇಕಾಗಿಲ್ಲ. ಇವತ್ತೇ ಹೇಳಬೇಕಾಗಿಲ್ಲ. ನನಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲ ಅನ್ನೋ ಹಾಗೆ ಇನ್ನು ಏನೂ ಇರಬಾರದು ಅಂತ ಹೇಳಿದೆ.”

ಐದು ವಾರ ಬೈದದ್ದು, ನಿನ್ನೆ ಅತ್ತದ್ದು, ಇವತ್ತು ಅವನು ಪಕ್ಕದಲ್ಲಿ ನಿಂತದ್ದು... ಎಲ್ಲ ಒಟ್ಟಿಗೇ ಅವಳಿಗೆ ನೆನಪಾಯಿತು.

“ನಾನು ನಿಮಗಿಂತ ಮೂರು ವರ್ಷ ದೊಡ್ಡವಳು.”

“ಗೊತ್ತು.”

“ಜಗಳಗಂಟಿ.”

“ಅದು ಇಡೀ ಕಾಲೇಜಿಗೇ ಗೊತ್ತು.”

ಅವಳಿಗೆ ನಗು ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಒರೆಸಿಕೊಳ್ಳಲಿಲ್ಲ. ಲೋಟವನ್ನು ಇಬ್ಬರ ನಡುವೆ ಇದ್ದ ಜಾಗದಲ್ಲಿಟ್ಟಳು. ಒಂದು ಕ್ಷಣ ಬಿಟ್ಟು ಅದನ್ನು ಎತ್ತಿ ಕೆಳಗಿಟ್ಟು, ತಾನೇ ಆ ಜಾಗಕ್ಕೆ ಸರಿದು ಕೂತಳು.

“ಭಾನುವಾರ ಮನೆಗೆ ಬಾ. ಅಪ್ಪ ನಿನ್ನ ನೋಡಬೇಕಂತೆ.”

ಅವನು ತಟ್ಟನೆ ಅವಳತ್ತ ತಿರುಗಿದ. ಎರಡು ವರ್ಷದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದೇ ಇಲ್ಲ.

“ಏನಂದ್ರಿ?”

“ಸರಿಯಾಗಿ ಕೇಳು.”

ಅವನು ಉದ್ದಕ್ಕೆ ಉಸಿರೆಳೆದುಕೊಂಡ. ಮೆಲ್ಲಗೆ, ಹೊಸ ಪದ ಕಲಿಯುವವನಂತೆ ಕೇಳಿದ.

“ಏನಂದೆ?”

“ಬಾ ಅಂದೆ.”